ನಾನು ಚಿಕ್ಕಮ್ಮನ ಕಂಪ್ಯೂಟರ್ ಆಗಿದ್ದಾಗ

ನಮ್ಮ ಚಿಕ್ಕಮ್ಮ ಇವತ್ತಿನಲ್ಲಿ ವಾಸವಾಗಿಲ್ಲ! ಅವಳ ಮನೆ ಹೊಸಪೇಟೆಯ ಚಿತ್ತವಾಡ್ಗಿಯಲ್ಲಿದೆ, ರೇಷನ್ ಕಾರ್ಡಿನಲ್ಲಿ ಹೆಸರಿದೆ, ಬೆಳಿಗ್ಗೆ ನಲ್ಲಿಯ ಮುಂದೆ ಕೊಡ ಇಟ್ಟು ಜಗಳ ಕಾಯುವವಳೂ ಅವಳೇ. ಆದರೂ ಅವಳು ಬದುಕುವುದು ಇನ್ನೂ ಬಾರದ ಕಾಲದಲ್ಲಿ. ಅಲ್ಲಿಂದ ಊಟದ ಹೊತ್ತಿಗೆ ನಮ್ಮ ಕಾಲಕ್ಕೆ ಬಂದು, ರೊಟ್ಟಿ ತಿಂದು, ಪಲ್ಯಕ್ಕೆ ಉಪ್ಪು ಕಡಿಮೆಯಾಗಿದೆ ಎಂದು ವರದಿ ಒಪ್ಪಿಸಿ ಮತ್ತೆ ಹೊರಟುಬಿಡುತ್ತಾಳೆ.

ಗಣಿಯ ಧೂಳು ಊರಿನ ಬೇವಿನ ಮರಗಳನ್ನೂ ಕೆಂಪು ಮಾಡಿದ್ದ ವರ್ಷಗಳವು. ನಿನ್ನೆ ಸೈಕಲ್ ತುಳಿಯುತ್ತಿದ್ದವನು ಇವತ್ತು ಲಾರಿಯ ಮಾಲೀಕ. ಇವತ್ತೇ ಇಷ್ಟು ಮಸ್ತಾಗಿರುವಾಗ ನಾಳೆಯ ಮಾತು ಯಾರಿಗೆ ಬೇಕು? ಅಂಥ ಹೊತ್ತಿನಲ್ಲಿ, ಕಾಲೇಜಿನಲ್ಲಿ ಕಂಪ್ಯೂಟರ್ ಪಾಠ ಹೇಳಿಕೊಂಡಿದ್ದ ಚಿಕ್ಕಮ್ಮ ಪಿಎಚ್‌ಡಿಗೆ ಹೆಸರು ಹಚ್ಚಿದಳು. ವಿಷಯ ಇಷ್ಟು: ಮುಂದೊಂದು ದಿನ ಕಂಪ್ಯೂಟರು ಮೇಜು ಬಿಟ್ಟೆದ್ದು ಗೋಡೆ, ಬಾಗಿಲು, ದಿಂಬು, ನೀರಿನ ಹಂಡೆ ಎಲ್ಲದರೊಳಗೂ ಸೇರಿಕೊಂಡು ಕಣ್ಣಿಗೇ ಕಾಣದಂತಾಗುತ್ತದೆ. ಆ ಕಾಲವನ್ನು ನಮ್ಮ ಸೀಮೆಯ ಜನ ಹೇಗೆ ಕಲ್ಪಿಸಿಕೊಳ್ಳುತ್ತಾರೆ?

ಇದನ್ನು ಕೇಳಿ ಅಜ್ಜಿ, ಅಂದರೆ ಚಿಕ್ಕಮ್ಮನ ತಾಯಿ, ಹಣೆಯ ವಿಭೂತಿ ಸರಿಮಾಡಿಕೊಂಡು ಕೇಳಿದಳು. "ಕಣ್ಣಿಗೆ ಕಾಣಂಗಿಲ್ಲ, ಎಲ್ಲಾ ಕಡೆ ಇರತೈತಿ, ನಾವು ಆಡಿದ್ದೆಲ್ಲಾ ಕೇಳಸ್ಕೊಂತೈತಿ. ಇದಕ್ಕ ನಾವು ದೇವ್ರಂತೀವಿ. ಇದಕ್ಯಾಕ ಪಿಎಚ್‌ಡಿ?"

"ದೇವ್ರಿಗೆ ಕರೆಂಟ್ ಬ್ಯಾಡವ್ವ, ಇದಕ್ಕ ಬೇಕು."

"ಹಂಗಾರ ನಮ್ಮ ಊರಿಗೆ ದೇವ್ರ ಚಲೋ ಬಿಡು!"

ಅಜ್ಜಿಯನ್ನು ಹೇಗಾದರೂ ದಾಟಬಹುದಿತ್ತು. ಬೆಂಗಳೂರಿನಲ್ಲಿದ್ದ ಅವಳ ಪಿಎಚ್‌ಡಿ ಮಾರ್ಗದರ್ಶಕರನ್ನು ದಾಟುವುದು ಕಷ್ಟವಿತ್ತು. ಅವರ ದನಿ ತೆಗೆಯಲು ನನಗೆ ಚೆನ್ನಾಗಿ ಬರುತ್ತದೆ. ಮೂಗಿನಲ್ಲಿ ಶುರುವಾಗಿ ಕನ್ನಡಕದಲ್ಲಿ ಮುಗಿಯುವ ದನಿ ಅದು. "ಇಂಟರೆಸ್ಟಿಂಗ್" ಎಂದರೆ "ಆಗುವುದಿಲ್ಲ" ಎಂದು ಅರ್ಥ. "ನಿಮ್ಮ ಕಡೆಯವರು ಈಗ ಇರುವ ವಸ್ತುವನ್ನೇ ಇನ್ನಷ್ಟು ದೊಡ್ಡದಾಗಿ ಕೇಳುತ್ತಾರಮ್ಮ. ಅದು ಕಲ್ಪನೆಯಲ್ಲ, ಶಾಪಿಂಗ್. ಅಂಗಡಿಯಲ್ಲಿ ಸಿಗದ ಒಂದೇ ಒಂದು ಕನಸು ತೋರಿಸಿ. ಬೇಸಿಗೆಯಲ್ಲಿ ನಾನೇ ಬಂದು ನೋಡುತ್ತೇನೆ. ಸಿಗಲಿಲ್ಲವೋ, ವಿಷಯ ಬದಲಿಸಿ 'ಸರ್ಕಾರಿ ಕಚೇರಿಗಳಲ್ಲಿ ಕಂಪ್ಯೂಟರ್ ಬಳಕೆ' ಎಂದು ಬರೆಯಿರಿ."

ಚಿಕ್ಕಮ್ಮ ಆವತ್ತು ಅರ್ಧ ರೊಟ್ಟಿಗೇ ಎದ್ದಳು. ಪಲ್ಯಕ್ಕೆ ಉಪ್ಪು ಕಡಿಮೆ ಎನ್ನಲಿಲ್ಲ. ಮನೆಯವರೆಲ್ಲ ಹೆದರಿದೆವು.

ಆ ಕಾಲದಲ್ಲಿ ನಾನು ಬಿ.ಕಾಂ. ಓದುತ್ತಿದ್ದೆ ಎಂದು ನಮ್ಮಪ್ಪ ನೆಂಟರಿಗೆ ಹೇಳುತ್ತಿದ್ದ. ನಿಜವಾಗಿ ನನಗಿದ್ದ ಒಂದೇ ವಿದ್ಯೆ ಮಿಮಿಕ್ರಿ. ಗಣಪತಿ ಪೆಂಡಾಲಿನಲ್ಲಿ ಬಸ್ ಕಂಡಕ್ಟರ್, ಪ್ರಿನ್ಸಿಪಾಲ್, ನೀರು ಬತ್ತಿದ ಬೋರ್‌ವೆಲ್, ಮಿಕ್ಸಿ ಎಲ್ಲವನ್ನೂ ಮಾಡುತ್ತಿದ್ದೆ. ಚಪ್ಪಾಳೆ ಜಾಸ್ತಿ ಬೀಳುತ್ತಿದ್ದುದು ಮಿಕ್ಸಿಗೆ. ಇಂಥ ನನ್ನನ್ನು ಚಿಕ್ಕಮ್ಮ ಒಂದು ಸಂಜೆ ಕರೆದಳು.

"ಲೇ, ನನ್ನ ರಿಸರ್ಚಿಗೆ ನೀ ಬೇಕು."

"ಅಸಿಸ್ಟೆಂಟ್ ಆಗೇನು?"

"ಅಲ್ಲ. ಕಂಪ್ಯೂಟರ್ ಆಗಿ!"

ಅವಳಿಗೆ ಬೇಕಾದ ಯಂತ್ರ ಇನ್ನೂ ಹುಟ್ಟಿರಲಿಲ್ಲವಲ್ಲ, ಅದಕ್ಕೆ ಜನರ ಮುಂದೆ ಒಳಗೊಂದು ಸ್ಪೀಕರ್ ಇರುವ ಡಬ್ಬಿ ಇಡುವುದು, ಡಬ್ಬಿಯಿಂದ ಒಂದು ವೈರು ಎಳೆಯುವುದು, ವೈರಿನ ಆ ತುದಿಗೆ ಪರದೆಯ ಹಿಂದೆ ಮೈಕು ಕೊಟ್ಟು ನನ್ನನ್ನು ಕೂರಿಸುವುದು. ಜನ ಡಬ್ಬಿಯನ್ನು ಕೇಳುತ್ತಾರೆ, ಡಬ್ಬಿಯ ಪರವಾಗಿ ನಾನು ಉತ್ತರ ಕೊಡುತ್ತೇನೆ.

"ಹೊರದೇಶದಾಗ ಇದು ದೊಡ್ಡ ವಿಧಾನ, ಅವ್ವ."

"ನಮ್ಮ ಕಡೆ ಗೊಂಬಿ ಆಟ ಅಂತಾರ," ಎಂದಳು ಅಜ್ಜಿ. "ಅದರಾಗ ಗೊಂಬಿ ಆದ್ರೂ ನೋಡಾಕ ಚಂದ ಇರ್ತಾವು."

ಥರ್ಮೋಕೋಲ್ ಡಬ್ಬಿಗೆ ಬಣ್ಣ ಹಚ್ಚಲು ಲಾರಿಗಳ ಹಿಂದೆ ಚಿತ್ರ ಬರೆಯುವ ಪೇಂಟರಿಗೆ ಕೊಟ್ಟೆವು. "ಸಿಂಪಲ್ ಇರ್ಲಿ, ಬೂದಿ ಬಣ್ಣ ಸಾಕು" ಎಂದು ಚಿಕ್ಕಮ್ಮ ಮತ್ತೆ ಮತ್ತೆ ಹೇಳಿದ್ದಳು. ಪೇಂಟರ್ ಬೂದಿ ಬಣ್ಣವನ್ನೇ ಹಚ್ಚಿದ. ಆದರೆ ರೂಢಿ ಕೈ ಬಿಡಬೇಕಲ್ಲ! ಎರಡು ಕಮಲ, ಒಂದು ಹದ್ದು, ಕೆಳಗೆ ಹಳದಿ ಅಕ್ಷರದಲ್ಲಿ "ಹಾರ್ನ್ ಮಾಡಿರಿ." ಹೀಗೆ ಭವಿಷ್ಯದ ಯಂತ್ರ ತಯಾರಾಯಿತು.

ಮೊದಲ ಪ್ರಯೋಗ ಸಂಡೂರಿನ ದಾರಿಯಲ್ಲಿ, ಬಂಡ್ರಿಯ ಕಡೆಯ ಡ್ರೈವರುಗಳು ನಿಲ್ಲುವ ಚಹಾದಂಗಡಿಯಲ್ಲಿ. ಹೊರಗೆ ಅದಿರಿನ ಲಾರಿಗಳು ಗುಡ್ಡ ಸುತ್ತಿಕೊಂಡು ಸಾಲಾಗಿ ನಿಂತಿದ್ದವು. ಮೋಸ ಮಾಡಬಾರದೆಂದು ಚಿಕ್ಕಮ್ಮ ಮೊದಲೇ ಹೇಳಿಬಿಟ್ಟಳು. "ಇದು ಸುಳ್ಳು ಮೆಷೀನ್ ಐತ್ರಿ. ಆ ಗೋಣಿತಾಟಿನ ಹಿಂದ ನಮ್ಮ ಹುಡುಗ ಅದಾನ. ಆದ್ರ ಖರೇ ಅಂತ ತಿಳ್ಕೊಂಡು ಮಾತಾಡ್ರಿ." ಜನ ಗಂಭೀರವಾಗಿ ತಲೆಯಾಡಿಸಿದರು. ಒಬ್ಬ ಡ್ರೈವರು ಡಬ್ಬಿಯ ಮುಂದೆ ಕುಳಿತು, "ಚಾ ಕುಡೀತೀರೇನ್ರಿ?" ಎಂದು ವಿಚಾರಿಸಿದ. ಗೋಣಿತಾಟಿನ ಹಿಂದೆ ಮೈದಾ ಚೀಲಗಳ ನಡುವೆ ಬೆವರುತ್ತಿದ್ದ ನಾನು ಕೆಮ್ಮಿದರೆ, "ಲೇ, ಸುಮ್ಕಿರಲೇ, ಮೆಷೀನ್ ಮಾತಾಡಾಕ ಹೊಂಟೈತಿ" ಎಂದು ಅವನೇ ಗದರಿದ. ನೋಡಿ ನ್ಯಾಯ! ಡಬ್ಬಿಗೆ ಬಹುವಚನ ಮತ್ತು ಚಹಾ, ನನಗೆ ಲೇ ಮತ್ತು ಮೈದಾಹಿಟ್ಟು.

"ಕಂಪ್ಯೂಟರ್ ಸಾಹೇಬ್ರ, ಈ ಕ್ಯೂ ಯಾವಾಗ ಕರಗತೈತ್ರಿ?"

ನಾನು ರೈಲ್ವೆ ಸ್ಟೇಷನ್ನಿನ ಅನೌನ್ಸ್‌ಮೆಂಟ್ ಅಕ್ಕನ ದನಿ ತೆಗೆದೆ. "ನಿಮ್ಮ ಪ್ರಶ್ನೆ... ಸ್ವೀಕೃತವಾಗಿದೆ. ದಯವಿಟ್ಟು... ನಿರೀಕ್ಷಿಸಿ."

"ಮುಂಜಾನಿಂದ ಅದನ್ನ ಮಾಡಾಕತ್ತೀನ್ರೆವ್ವಾ!"

ಅಂಗಡಿಯೆಲ್ಲ ನಕ್ಕಿತು. ಚಿಕ್ಕಮ್ಮ ಇದೇ ಸಮಯವೆಂದು ಮುಂದೆ ಬಾಗಿದಳು. "ಮುಂದಿನ ಕಾಲದಾಗ ನಿಮಗ ಎಂಥಾ ಮೆಷೀನ್ ಬೇಕು? ಮನಸ್ಸು ಬಿಚ್ಚಿ ಹೇಳ್ರಿ."

"ಹೆಲಿಕಾಪ್ಟರ್."

"ಯಾಕ್ರಿ?"

"ಕ್ಯೂ ದಾಟಾಕ."

ಪಕ್ಕದವನು ಒಪ್ಪಲಿಲ್ಲ. "ಎಲ್ಲಾರೂ ಹೆಲಿಕಾಪ್ಟರ್ ತಗಂಡ್ರ ಮ್ಯಾಲೂ ಕ್ಯೂ ಆಗತೈತಲ್ಲಲೇ! ಅಲ್ಲಿ ಚಾದಂಗಡಿನೂ ಇರಂಗಿಲ್ಲ." ಚರ್ಚೆ ಜೋರಾಯಿತು. ಅಷ್ಟರಲ್ಲಿ ಒಂದು ಲಾರಿ ಕದಲಿ, ಎದ್ದ ಧೂಳು ನೇರವಾಗಿ ನನ್ನ ಮೂಗಿಗೆ ಹೊಕ್ಕಿತು. ಸ್ಪೀಕರಿನಲ್ಲಿ ನನ್ನ ಸೀನು ಗುಡ್ಡ ಬಿರಿದಂತೆ ಕೇಳಿಸಿತು! ಚಹಾ ವಿಚಾರಿಸಿದ್ದ ಡ್ರೈವರು ಡಬ್ಬಿಯ ಬೆನ್ನು ಸವರಿ, ಭಾಳ ಮರುಕದಿಂದ ಹೇಳಿದ. "ನಮ್ಮ ಧೂಳು ಮೆಷೀನಿಗೂ ತಡಕಳ್ಳಾಕ ಆಗ್ಲಿಲ್ಲ ನೋಡ್ರಿ, ಪಾಪ."

ಮುಂದಿನ ಪ್ರಯೋಗ ಕಂಪ್ಲಿಯಲ್ಲಿ, ಅಕ್ಕಿ ಗಿರಣಿಯಿಟ್ಟಿದ್ದ ದೂರದ ನೆಂಟರೊಬ್ಬರ ಮನೆಯಲ್ಲಿ. ಅವರಿಗೆ ಬೇಕಾಗಿದ್ದುದು ಮಾತಾಡುವ ಬಾಗಿಲು. ಬೇಡದವರು ಬಂದರೆ "ಯಜಮಾನ್ರು ಊರಾಗಿಲ್ಲ" ಎಂದು ಬಾಗಿಲೇ ಹೇಳಬೇಕು.

"ದನಿಗೆ ತೂಕ ಇರ್ಬೇಕಲೇ," ಎಂದು ನನಗೆ ತಾಕೀತು ಮಾಡಿದರು. "ನನ್ನ ದನಿಯಾಗ ಹೇಳು."

ಡಬ್ಬಿಯನ್ನು ಬಾಗಿಲಿಗೆ ಕಟ್ಟಿದೆವು. ಚಂದಾ ಕೇಳಲು ಬರುವ ಹಿರಿಯರೊಬ್ಬರು ಬಂದು ಕದ ಬಡಿದರು. ನಾನು ಗಿರಣಿ ಮಾಲೀಕರ ಗಂಟಲಿನಲ್ಲಿ, "ಯಜಮಾನ್ರು ಊರಾಗಿಲ್ಲ" ಎಂದೆ.

ಹಿರಿಯರಿಗೆ ದನಿಯ ಗುರುತು ಹತ್ತಿತು. ಅವರೇನೂ ಗಾಬರಿಯಾಗಲಿಲ್ಲ. "ಹೌದೇನ್ರಿ? ಯಾವಾಗ ಬರ್ತೀರಿ?"

ನಾನು ತಡವರಿಸಿ, "ನಾಳೆ ಬರ್ತೀನ್ರಿ" ಎಂದುಬಿಟ್ಟೆ.

"ಆತು. ನೀವು ಊರಿಂದ ಬಂದಮ್ಯಾಲ, ನಾ ಬಂದು ಹೋದೆ ಅಂತ ನಿಮಗ ಹೇಳ್ರಿ," ಎಂದು ಚಪ್ಪಲಿ ಮೆಟ್ಟಿಕೊಂಡು ಹೊರಟರು. ಬಾಗಿಲ ಹಿಂದೆ ಬಚ್ಚಿಟ್ಟುಕೊಂಡಿದ್ದ ಮಾಲೀಕರ ಮುಖ ನೋಡಬೇಕಿತ್ತು!

ವಾಪಸು ಬರುವ ಬಸ್ಸಿನಲ್ಲಿ ನಾನು ಇದನ್ನೆಲ್ಲ ಅಭಿನಯಿಸಿ ತೋರಿಸಿದೆ. ಚಿಕ್ಕಮ್ಮ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಕಿಟಕಿಯಾಚೆ ಭತ್ತದ ಗದ್ದೆ ನೋಡುತ್ತಿದ್ದಳು. "ಹೆಲಿಕಾಪ್ಟರ್ ಈಗ್ಲೇ ಐತಿ. ಸುಳ್ಳು ಹೇಳೋ ಬಾಗ್ಲು ಎಲ್ಲಾರ ಮನ್ಯಾಗೂ ಐತಿ. ಸರ್ ಹೇಳಿದ್ದು ಖರೇನಾ ಅಂತೀನಿ?" ಎಂದಳು. ನಾನು ಅಭಿನಯ ನಿಲ್ಲಿಸಿ, ಡಬ್ಬಿಯನ್ನು ನನ್ನ ತೊಡೆಗೆ ಎತ್ತಿಕೊಂಡೆ.

ನಾವು ಚಿತ್ತವಾಡ್ಗಿ ತಲುಪುವ ಮೊದಲೇ ನಮ್ಮ ಸುದ್ದಿ ತಲುಪಿರುತ್ತಿತ್ತು. ಕಣ್ಣಿಗೆ ಕಾಣದ, ಎಲ್ಲೆಲ್ಲೂ ಇರುವ ಯಂತ್ರ ನಮ್ಮ ಓಣಿಗೆ ಯಾವತ್ತೋ ಬಂದಿತ್ತಲ್ಲ! ಆಟೋದವನ ಕಣ್ಣು, ಹೂವಿನಾಕೆಯ ಕಿವಿ, ಟೈಲರ್ ಅಂಗಡಿಯ ಕಟ್ಟೆ. "ಅಮ್ಮಾರ, ನಿಮ್ಮ ಮಗಳು ಸಂಡೂರ ಕಡೆ ಲಾರಿ ಡ್ರೈವರ್‌ಗಳ ಜೊತಿ ಕುಂತು ಚಾ ಕುಡಿಯಾಕತ್ತಿದ್ರಂತ!" ಎಂದು ಹೂವಿನಾಕೆ ಗುಟ್ಟಿನಲ್ಲಿ, ಅಂದರೆ ಓಣಿಗೆಲ್ಲ ಕೇಳುವಂತೆ, ಹೇಳುವಳು. ಅಜ್ಜಿ ಮಲ್ಲಿಗೆಯನ್ನು ಮೊಳ ಹಾಕಿ ನೋಡುತ್ತ, "ಹೌದಾ? ಚಾಕ್ಕ ಸಕ್ಕರಿ ಸರಿ ಇತ್ತಂತೇನು?" ಎಂದು ಕೇಳಿ ಒಳಗೆ ಬರುವಳು. ಬಂದು ಏನೂ ಕೇಳದೆ ಒಲೆಯ ಮುಂದೆ ಕೂರುವಳು.

ಬೇಸಿಗೆ ಬಂತು. ಮಾರ್ಗದರ್ಶಕರೂ ಬಂದರು. ಬಂದವರು ಮೊದಲು ಹಂಪಿ ನೋಡಬೇಕೆಂದರು. ಸುಡುವ ಕಲ್ಲುಗಳ ನಡುವೆ ಚಿಕ್ಕಮ್ಮ ಬೆವರೊರೆಸಿಕೊಳ್ಳುತ್ತ ವಿವರಿಸಿದಳು. ಮುಂದೆ ಇಲ್ಲಿನ ಒಂದೊಂದು ಕಂಬವೂ ಬಂದವರ ಭಾಷೆ ಗುರುತಿಸಿ ತನ್ನ ಕಥೆ ತಾನೇ ಹೇಳುತ್ತದೆ ಎಂದಳು. ಹಿಂದೆಯೇ ಬರುತ್ತಿದ್ದ ಊರ ಗೈಡು ನಿಂತುಬಿಟ್ಟ. "ಕಂಬ ಮಾತಾಡಿದ್ರ ನಾ ಏನ್ ಮಾಡ್ಲಿ ಮೇಡಂ?"

"ಕಂಬಕ್ಕ ಮಾತು ಕಲಸೋರು ನೀವ ಅಲ್ಲೇನ್ರಿ?"

"ಹಂಗಾರ ಅಡ್ಡಿ ಇಲ್ಲ. ಆದ್ರ ಟಿಪ್ಸ್ ಕಂಬಕ್ಕ ಕೊಡಬಾರ್ದು!"

"ಇಂಟರೆಸ್ಟಿಂಗ್," ಎಂದರು ಮಾರ್ಗದರ್ಶಕರು. ಚಿಕ್ಕಮ್ಮನ ಮುಖ ಬಾಡಿತು.

ಮಧ್ಯಾಹ್ನ ನಮ್ಮ ಮನೆಯ ಪಡಸಾಲೆಯಲ್ಲಿ ಕೊನೆಯ ಪ್ರಯೋಗ. ಡಬ್ಬಿ ಗೋಡೆ ಪಕ್ಕದ ಸ್ಟೂಲಿನ ಮೇಲೆ, ಓಣಿಯವರು ಚಾಪೆಯ ಮೇಲೆ, ನಾನು ಅಡುಗೆಮನೆಯಲ್ಲಿ. ಶುರುವಾಗುವುದಕ್ಕೂ ಕರೆಂಟು ಹೋಗುವುದಕ್ಕೂ ಸರಿಹೋಯಿತು. ಸ್ಪೀಕರ್ ಸತ್ತ ಮೇಲೆ ಭವಿಷ್ಯದ ಯಂತ್ರ ಪಡಸಾಲೆಗೆ ತೆರೆಯುವ ಅಡುಗೆಮನೆಯ ಕಿಟಕಿಯಿಂದ ಬಾಯಿಬಾಯಿ ಬಡಿದುಕೊಳ್ಳಬೇಕಾಯಿತು.

ಟೈಲರ್ ಗೋಡೆಯಷ್ಟು ದೊಡ್ಡ ಟಿವಿ ಕೇಳಿದ. ಆಟೋದವನು ಧೂಳು ಹತ್ತದ ಕಾರು ಕೇಳಿದ. ಇನ್ನೊಬ್ಬರು, ಟೈಲರಿನ ಟಿವಿಗಿಂತ ಒಂದು ಗೇಣು ದೊಡ್ಡದು ಕೇಳಿದರು. ಮಾರ್ಗದರ್ಶಕರು ಕನ್ನಡಕ ತೆಗೆದು ಒರೆಸಿದರು. "ನೋಡಿದಿರಾ ಅಮ್ಮಾ? ಶಾಪಿಂಗ್. ಸರ್ಕಾರಿ ಕಚೇರಿಯ ವಿಷಯವೂ ಒಳ್ಳೆಯದೇ. ಬೇಗ ಮುಗಿಯುತ್ತದೆ." ಚಿಕ್ಕಮ್ಮ "ಹ್ಞೂಂ ಸರ್" ಎಂದಳು. ಅವಳು ಅಷ್ಟು ಸಣ್ಣ ದನಿಯಲ್ಲಿ ಮಾತಾಡಿದ್ದನ್ನು ನಾನು ಕೇಳಿರಲೇ ಇಲ್ಲ.

ಬಾಗಿಲಲ್ಲಿ ಮೆಂತ್ಯದ ಸೊಪ್ಪು ಸೋಸುತ್ತಿದ್ದ ಅಜ್ಜಿ ಮೊರ ಪಕ್ಕಕ್ಕಿಟ್ಟಳು. ಮೊಣಕಾಲು ಹಿಡಿದುಕೊಂಡು ಬಂದು ಡಬ್ಬಿಯ ಮುಂದೆ ಕುಳಿತಳು.

"ನಾ ಕೇಳ್ಬೌದೇನ್ರಿ ಇದನ್ನ?"

"ಕೇಳಿ ಅಜ್ಜಿ," ಎಂದರು ಮಾರ್ಗದರ್ಶಕರು, ಗಡಿಯಾರ ನೋಡುತ್ತ.

"ಈಕಿ ಎಲ್ಲಿ ಹೋದ್ಲು, ಯಾರ ಜೊತಿ ಕುಂತ್ಲು, ಏನ್ ಕುಡುದ್ಲು, ಇದನ್ನ ಹೇಳಾಕ ನನಗ ಮೆಷೀನ್ ಬ್ಯಾಡ. ಓಣ್ಯಾಗ ಭಾಳ ಮಂದಿ ಅದಾರ." ಹೂವಿನಾಕೆ ಸೆರಗು ಸರಿಮಾಡಿಕೊಂಡಳು. "ಗ್ವಾಡ್ಯಾಗ ಹೊಕ್ಕೊಂಡು ಕುಂದ್ರೋ ಮೆಷೀನ್ ಬಂದ್ರ ನಾ ಮೊದ್ಲ ಅದರ ಬಾಯಿ ಕಟ್ತೀನಿ. ಆಕಿ ಎಲ್ಲಿ ಅದಾಳ ಅಂತ ಹೇಳ್ಬಾರ್ದು. ಯಾರ ಜೊತಿ ಅಂತ ಹೇಳ್ಬಾರ್ದು. ಆಕಿ ನಗಾಕತ್ಯಾಳೋ ಇಲ್ಲೋ, ಅಷ್ಟ ಹೇಳ್ಬೇಕು. ಅದೂ ಬಾಯ್ಲೆ ಬ್ಯಾಡ. ನಾ ರೊಟ್ಟಿ ಬಡಿಯಾಕ ಕುಂತಾಗ ಗ್ವಾಡಿ ಮ್ಯಾಲ ಹಿಂಗ ಕೈ ಇಡ್ತೀನಿ. ಬೆಚ್ಚಗಿತ್ತು ಅಂದ್ರ ನಗಾಕತ್ಯಾಳ ಅಂತ ತಿಳ್ಕಂತೀನಿ."

"ತಣ್ಣಗಿದ್ದರೆ?" ಎಂದು ಮಾರ್ಗದರ್ಶಕರು ಕೇಳಿದರು. ಈ ಸಲ ದನಿ ಮೂಗಿನಿಂದ ಬರಲಿಲ್ಲ.

"ತಣ್ಣಗಿದ್ರ ಏನೂ ಕೇಳಂಗಿಲ್ರಿ. ಬಂದ ಕೂಡ್ಲೆ ಬಿಸಿ ರೊಟ್ಟಿ ಹಾಕ್ತೀನಿ."

ಮಾರ್ಗದರ್ಶಕರು ಡಬ್ಬಿಯ ಮೇಲಿನ ಹದ್ದನ್ನೊಮ್ಮೆ ನೋಡಿ, ಚಿಕ್ಕಮ್ಮನ ಕಡೆ ತಿರುಗಿದರು. "ಇದು ಯಾವ ಅಂಗಡಿಯಲ್ಲೂ ಸಿಗುವುದಿಲ್ಲಮ್ಮ. ವಿಷಯ ಬದಲಿಸಬೇಡಿ. ಇಲ್ಲಿಂದಲೇ ಶುರುಮಾಡಿ."

ಚಿಕ್ಕಮ್ಮ ತಟ್ಟನೆ ಎಲ್ಲರಿಗೂ ಬೆನ್ನು ಮಾಡಿ ಅಡುಗೆಮನೆಯ ಕಡೆ ತಿರುಗಿ ನಿಂತಳು. ಭುಜ ಅಲುಗುತ್ತಿದ್ದುದು ಮಾತ್ರ ಅಜ್ಜಿಗೆ ಕಂಡಿತು. ಅವಳಿಗೆ ದಿಗಿಲಾಯಿತು. ಡಬ್ಬಿಯನ್ನು ಎರಡು ಸಲ ತಟ್ಟಿದಳು.

"ಏ ಡಬ್ಬಿ, ಕೇಳಸ್ತೇನು? ಈಗ ಹೇಳು. ಆಕಿ ನಗಾಕತ್ಯಾಳೋ, ಅಳಾಕತ್ಯಾಳೋ?"

ಅಡುಗೆಮನೆಯ ಕಿಟಕಿಯಿಂದ ಚಿಕ್ಕಮ್ಮನ ಮುಖ ನನಗೊಬ್ಬನಿಗೇ ಕಾಣುತ್ತಿತ್ತು. ಕಣ್ಣಲ್ಲಿ ನೀರು ಧಾರಾಕಾರ. ಅದರ ಕೆಳಗೆ ಬಾಯಿಗೆ ಒತ್ತಿಕೊಂಡ ಸೆರಗು, ಸೆರಗಿನಿಂದ ಎರಡೂ ಕಡೆ ಆಚೆಗೆ ಚಾಚಿಕೊಂಡಿದ್ದ ನಗು. ರೈಲ್ವೆ ಸ್ಟೇಷನ್ನಿನ ಅಕ್ಕ, ಗಿರಣಿ ಮಾಲೀಕ, ಪ್ರಿನ್ಸಿಪಾಲ್, ಯಾರೂ ನನ್ನ ಗಂಟಲಿಗೆ ಬರಲೊಲ್ಲರು. ಕೊನೆಗೆ ಬಂದದ್ದು ತುಸು ಒಡೆದ, ಯಾರದೂ ಅಲ್ಲದ, ನನ್ನದೇ ದನಿ.

"ನಗಾಕತ್ಯಾಳಜ್ಜಿ."

ಅಜ್ಜಿ ಕೈ ಚಾಚಿ ಗೋಡೆಯ ಮೇಲೆ ಅಂಗೈಯಿಟ್ಟಳು. "ಹೌದ್ ನೋಡ್ರಿ," ಎಂದಳು. "ಬೆಚ್ಚಗೈತಿ."

ಹೊಸಪೇಟೆಯ ಬಿಸಿಲಿಗೆ ಆ ಹೊತ್ತಿನಲ್ಲಿ ಊರಿನ ಗೋಡೆಗಳೆಲ್ಲ ಬೆಚ್ಚಗೇ ಇರುತ್ತವೆ. ಆದರೂ ಮಾರ್ಗದರ್ಶಕರು ಎದ್ದು ಬಂದು, ಅಜ್ಜಿಯ ಕೈಯ ಪಕ್ಕದಲ್ಲಿ ತಮ್ಮ ಕೈಯನ್ನೂ ಇಟ್ಟರು.