ಕಾಲುವೆ ಏರಿಯ ಮೇಲೊಂದು ಕೆಂಪು ಗೆರೆ

ಇನ್ನು ಮುಂದೆ ತಮ್ಮೂರಿನ ಕಾಲುವೆ ಏರಿಯ ಮೇಲೆ ಯಾರೂ ಯಾರಿಗೂ ಗುದ್ದಬಾರದು ಎಂದು ಮುನಿಲಕ್ಷ್ಮಮ್ಮ ಎಪ್ಪತ್ತೆರಡನೇ ಇಸವಿಯ ಒಂದು ಗುರುವಾರ ಮುದ್ದೆ ತಿರುವುತ್ತಾ ತೀರ್ಮಾನಿಸಿದಳು. ಪಂಚಾಯ್ತಿಗೆ ತೋಚದ್ದು ಎಂಟನೇ ಕ್ಲಾಸು ಪಾಸಾದ ತನ್ನಿಂದ ಆಗುತ್ತದೆ ಎನ್ನುವುದರಲ್ಲಿ ಅವಳಿಗೆ ಎಳ್ಳಷ್ಟೂ ಅನುಮಾನವಿರಲಿಲ್ಲ. ಇದ್ದ ಅನುಮಾನವೆಲ್ಲ ಸೈಕಲ್ಲಿನವರ ಮೇಲೆ.

ಏರಿ ಐದಡಿ ಅಗಲ. ಒಂದು ಕಡೆ ನೀರು, ಇನ್ನೊಂದು ಕಡೆ ಗದ್ದೆಯ ಇಳಿಜಾರು. ಬೆಳಗಾದರೆ ಹೊಸಕೋಟೆಗೆ ಹಾಲು ಒಯ್ಯುವ ಸೈಕಲ್ಲುಗಳು ಅದರ ಮೇಲೆಯೇ; ಮೂರು ವರ್ಷದ ಅಂಜಿನಿಯನ್ನು ನಡೆಸಿಕೊಂಡು ಆಚೆ ಊರಿನ ಬಾಲವಾಡಿಗೆ ಹೊರಟ ಮುನಿಲಕ್ಷ್ಮಮ್ಮನೂ ಅದರ ಮೇಲೆಯೇ. ಹಾಲಿನವರ ಯಾವ ಸೈಕಲ್ಲಿಗೂ ಬೆಲ್ಲಿಲ್ಲ. ಕ್ಯಾನು ಸದ್ದು ಮಾಡುವಾಗ ಬೆಲ್ಲೇಕೆ ಎಂಬುದು ಅವರ ವಾದ. ಆದರೆ ಸದ್ದು ಮಾಡುವುದು ವಾಪಸು ಬರುವ ಖಾಲಿ ಕ್ಯಾನು. ತುಂಬಿದ ಕ್ಯಾನು ಬೆಕ್ಕಿನ ಹಾಗೆ ಬರುತ್ತದೆ. ಬುಧವಾರದ ಮಂಜಿನಲ್ಲಿ ಹಾಗೇ ಬಂದ ಒಂದು ಸೈಕಲ್ಲು ಅಂಜಿನಿಯ ಜಡೆಯ ಹಸಿರು ರಿಬ್ಬನ್ನು ಕಿತ್ತುಕೊಂಡು ಮಾಯವಾಗಿತ್ತು. ಗೇಣು ಈಚೆ ಬಂದಿದ್ದರೆ ಮಗು ನೀರಿನಲ್ಲಿ.

ಅಂದಿನಿಂದ ಅವಳು ಊರಿನ ಹ್ಯಾಂಡಲ್ಲುಗಳನ್ನೆಲ್ಲ ಪೊಲೀಸಿನವರ ಕಣ್ಣಲ್ಲಿ ನೋಡತೊಡಗಿದಳು. ಹೆಚ್ಚು ದೂರ ಹುಡುಕಬೇಕಾಗಲಿಲ್ಲ. ಅಂದು ಸಂಜೆಯೇ, ತಾನೂ ಹಾಲು ಒಯ್ಯುವ ಗಂಡ ಆದಿನಾರಾಯಣಪ್ಪ ಸೈಕಲ್ಲನ್ನು ಗೋಡೆಗೆ ಒರಗಿಸಿದಾಗ, ಹ್ಯಾಂಡಲ್ಲಿನಲ್ಲಿ ಹಸಿರು ರಿಬ್ಬನ್ನು ಗಂಟು ಬಿದ್ದು ನೇತಾಡುತ್ತಿತ್ತು.

“ಇದೆಲ್ಲಿಂದ ಬಂತು?”

“ಗಾಳಿಗೆ ಹಾರ್ಕೊಂಡ್ ಬಂದಿರ್ಬೇಕು ಕಣೆ.”

ಗಾಳಿಗೆ ಗಂಟು ಹಾಕಲು ಬರುತ್ತದೆಯೇ ಎಂದು ಅವಳು ಕೇಳಲಿಲ್ಲ. ಏರಿಯನ್ನೇ ಎರಡು ಭಾಗ ಮಾಡಿ, ನೀರಿನ ಕಡೆ ಸೈಕಲ್ಲು, ಗದ್ದೆಯ ಕಡೆ ಜನ ಎಂದು ನಿಗದಿ ಮಾಡುವುದಾಗಿ ಮನಸ್ಸಿನಲ್ಲೇ ಆಜ್ಞೆ ಹೊರಡಿಸಿದಳು.

ಶುಕ್ರವಾರ ಕೋಳಿ ಕೂಗುವ ಹೊತ್ತಿಗೆ, ಸಂಕ್ರಾಂತಿಗೆಂದು ತಂದಿಟ್ಟಿದ್ದ ಸುಣ್ಣವನ್ನು ಕೈಗೆ ಸಿಕ್ಕ ಬಕೀಟಿನಲ್ಲಿ ಕದಡಿ, ಮನೆಯ ಹಿಂದಿನ ಏರಿ ಹತ್ತಿದಳು. ಗೆರೆ ನೆಟ್ಟಗೆ ಬರಲೆಂದು ಬೇವಿನ ಕಡ್ಡಿ ನೆಟ್ಟು ಹಗ್ಗ ಕಟ್ಟಿದಳು. ತೆಂಗಿನ ಚಿಪ್ಪಿನಲ್ಲಿ ಮೊಗೆದು ಸುರಿಯುತ್ತಾ ನೂರು ಹೆಜ್ಜೆ ನಡೆದಳು. ಅಷ್ಟರಲ್ಲಿ ಅಂಜಿನಿ ಎದ್ದು ಅಳುವುದು ಕೇಳಿಸಿತು. ಹಗ್ಗ, ಬಕೀಟು ಎತ್ತಿಕೊಂಡು ಓಡಿದಳು. ಕಡ್ಡಿಗಳೂ ಚಿಪ್ಪೂ ಅಲ್ಲೇ ಉಳಿದವು.

ಆ ಬಕೀಟಿನ ತಳದಲ್ಲಿ, ಶುಕ್ರವಾರದ ಹೊಸಿಲಿಗೆಂದು ಅತ್ತೆ ಪಿಳ್ಳಮ್ಮ ಹಿಂದಿನ ಸಂಜೆ ಕಲಸಿಟ್ಟಿದ್ದ ಅರಿಶಿನವಿತ್ತು. ಅರಿಶಿನಕ್ಕೆ ಸುಣ್ಣ ಬಿದ್ದರೆ ಏನಾಗುತ್ತದೆಂದು ಆರತಿ ಎತ್ತಿದ ಯಾವ ಹೆಂಗಸಿಗೂ ಗೊತ್ತು. ಮುನಿಲಕ್ಷ್ಮಮ್ಮನಿಗೆ ಆ ಕತ್ತಲಲ್ಲಿ ಮಾತ್ರ ಗೊತ್ತಾಗಲಿಲ್ಲ.

ಬೆಳಕು ಹರಿದಾಗ ಊರು ಕಂಡದ್ದು ಇಷ್ಟು: ಶುಕ್ರವಾರ, ಏರಿಯುದ್ದಕ್ಕೂ ರಕ್ತದಂಥ ಗೆರೆ, ಹತ್ತು ಹೆಜ್ಜೆಗೊಂದು ಬೇವಿನ ಕಡ್ಡಿ, ಕೊನೆಯಲ್ಲಿ ಒಡೆದ ತೆಂಗಿನ ಚಿಪ್ಪು.

ಮೊದಲು ಕಂಡವನು ಆದಿನಾರಾಯಣಪ್ಪ. ಗೆರೆ ತುಳಿಯಬಾರದೆಂದು ನೀರಿನ ಕಡೆಗೆ ಹ್ಯಾಂಡಲ್ಲು ತಿರುಗಿಸಿದ. ಬ್ರೇಕು ಹಿಡಿಯೋಣವೆಂದರೆ ಸೈಕಲ್ಲಿಗೆ ಅದೂ ಇರಲಿಲ್ಲ. ಕ್ಯಾನುಗಳ ಸಮೇತ ಕಾಲುವೆಗೆ ಇಳಿದ. ಆ ದಿನ ಕಾಲುವೆಯ ಮೀನುಗಳಿಗೆಲ್ಲ ಹಾಲು ಸಿಕ್ಕಿತು.

ಇನ್ನು ಮಾಟವಲ್ಲ ಎನ್ನುವವರು ಯಾರು? ಗೆರೆಯ ಆಚೆ ಹಾಲಿನವರು, ಈಚೆ ನಡೆಯುವವರು ಗುಂಪು ಕಟ್ಟಿದರು. ಇವರ ಮೇಲೆ ಅವರಿಗೆ ಅನುಮಾನ, ಅವರ ಮೇಲೆ ಇವರಿಗೆ. ಕೊನೆಗೆ ಎಲ್ಲರ ಅನುಮಾನವೂ ಸೊಪ್ಪು ಮಾರುವ ಮುನಿಗಂಗಮ್ಮನ ಮೇಲೆ ಹೋಗಿ ಕೂತಿತು. ದಿನಾ ನಸುಕಿನಲ್ಲೇ ಏರಿ ಹತ್ತುವವಳು ಅವಳೊಬ್ಬಳೇ. ಹೋದ ವಾರ ಸೈಕಲ್ಲೊಂದು ತಗುಲಿ ಸೊಪ್ಪೆಲ್ಲ ಚೆಲ್ಲಿದಾಗ, ನಿಮ್ಮ ಹಾಲು ನೀರುಪಾಲಾಗ ಎಂದು ಬೈದಿದ್ದಳು ಬೇರೆ. ಹಾಲು ಈಗ ನೀರಿನಲ್ಲಿತ್ತು. ಇನ್ನು ಇವಳು ಏರಿ ಹತ್ತಕೂಡದು ಎಂದರು ಹಾಲಿನವರು. ಮುದುಕಿ ಸೊಪ್ಪಿನ ಮಂಕರಿ ಇಳಿಸಿ, ಅದರ ಪಕ್ಕದಲ್ಲೇ ಕುಕ್ಕರಿಸಿದಳು.

ಅಂಜಿನಿಯನ್ನು ಸೊಂಟದ ಮೇಲಿಟ್ಟುಕೊಂಡು ನೋಡುತ್ತಿದ್ದ ಮುನಿಲಕ್ಷ್ಮಮ್ಮನಿಗೆ ತಡೆಯಲಾಗಲಿಲ್ಲ. ಹತ್ತು ಗಂಡಸರ ಮುಂದೆ ಎಂದೂ ಬಾಯಿ ತೆರೆಯದ ಸೊಸೆ ಗೆರೆಯ ಮೇಲೆಯೇ ಹೋಗಿ ನಿಂತಳು.

“ಗೆರೆ ಎಳ್ದಿದ್ದು ನಾನು. ಮಾಟ ಅಲ್ಲ, ಸುಣ್ಣ. ನಂ ಮಗೂನ ಕಾಲ್ವೆಗೆ ಬೀಳಿಸ್ತಿದ್ರಲ್ಲ, ಅದುಕ್ಕೆ. ಆದಿನಾರಾಯಣಪ್ಪನ ಸೈಕಲ್ಲಿಗೆ ಬೆಲ್ಲೂ ಇಲ್ಲ, ಬ್ರೇಕೂ ಇಲ್ಲ, ಕೇಳಿ ಬೇಕಾದ್ರೆ.”

ಸುಣ್ಣದ ಮಾತು ಯಾರ ಕಿವಿಗೂ ಬಿದ್ದಿರಲಿಲ್ಲ. ಪಿಳ್ಳಮ್ಮ ಎದೆಯ ಮೇಲೆ ಕೈಯಿಟ್ಟುಕೊಂಡಳು.

“ಗಂಡನ ಹೆಸ್ರು ಹೇಳ್ಬಿಟ್ಲಲ್ಲಪ್ಪೋ. ಮದ್ವೆಯಾಗಿ ಐದು ವರ್ಷ ಆಯ್ತು, ಒಂದಿನಾನೂ ಆ ಹೆಸ್ರು ಎತ್ತಿದೋಳಲ್ಲ. ಇದು ನಮ್ಮ ಸೊಸೆ ಮಾತಲ್ಲ. ಒಳಗೆ ಇನ್ಯಾರೋ ಅವ್ರೆ.”

ಊರಿಗೆ ಅಷ್ಟು ಸಾಕಾಯಿತು. ಮುನಿಗಂಗಮ್ಮನನ್ನು ಬಿಟ್ಟು ಎಲ್ಲರೂ ಮುನಿಲಕ್ಷ್ಮಮ್ಮನ ಕಡೆ ತಿರುಗಿದರು. ಅವಳು ಬಕೀಟು ತಂದು ತೋರಿಸಿದಳು, ಅರಿಶಿನದ ಲೆಕ್ಕ ಹೇಳಿದಳು. ಹೇಳಿದಷ್ಟೂ, ಪಾಪ, ಎಷ್ಟು ಚೆನ್ನಾಗಿ ಮಾತಾಡುಸ್ತೈತೆ ನೋಡಿ ಎಂದು ತಲೆಯಾಡಿಸಿದರು. ಮಧ್ಯಾಹ್ನದವರೆಗೆ ಅವಳನ್ನು ಬೇವಿನ ಸೊಪ್ಪಿನ ಮೇಲೆ ಕೂರಿಸಿ, ಒಣಮೆಣಸಿನಕಾಯಿಯ ಹೊಗೆ ಹಾಕಿ, ಪೊರಕೆಯಿಂದ ನಿವಾಳಿಸಿದರು. ಕಣ್ಣಲ್ಲಿ ನೀರು ಸುರಿದದ್ದನ್ನು ಕಂಡು ಬಿಟ್ಟುಹೋಯಿತು ಎಂದರು ಕೆಲವರು. ಇನ್ನೂ ಅರ್ಧ ಇದೆ ಎಂದಳು ಪಿಳ್ಳಮ್ಮ.

ಮರುದಿನ ಅವಳು ಅಂಜಿನಿಯ ಕೈ ಹಿಡಿದು, ಎದುರಿಗೆ ಬರುವ ಸೈಕಲ್ಲುಗಳಿಗೆ ಅಂಜುತ್ತಲೇ ಏರಿ ಹತ್ತಿದಳು. ದೂರದಿಂದ ಅವಳನ್ನು ಕಂಡದ್ದೇ ತಡ, ಹಾಲಿನವರು ಒಬ್ಬೊಬ್ಬರಾಗಿ ಇಳಿದರು. ಸೈಕಲ್ಲನ್ನು ಅಂಚಿಗೆ ಸರಿಸಿ, ಚಪ್ಪಲಿಯನ್ನೂ ಕಳಚಿ, ತಲೆ ತಗ್ಗಿಸಿ ನಿಂತರು. ಅಂಜಿನಿ ಏರಿಯ ನಡುಮಧ್ಯದಲ್ಲಿ ಕುಣಿಯುತ್ತಾ ಹೋದಳು. ಮುನಿಗಂಗಮ್ಮ ಮಂಕರಿ ಹೊತ್ತು ಅವರ ಹಿಂದೆಯೇ ಬಂದು, “ನಾಳೆನೂ ಇದೇ ಹೊತ್ತಿಗೆ ಬರ್ತೀಯೇನವ್ವ?” ಎಂದು ಮೆಲ್ಲಗೆ ವಿಚಾರಿಸಿ, ಗದ್ದೆಯ ಕಡೆ ಇಳಿದುಹೋದಳು.

ಸಾಲಿನ ಕೊನೆಯಲ್ಲಿ ಹಣೆಗೆ ಪಟ್ಟಿ ಕಟ್ಟಿಕೊಂಡ ಆದಿನಾರಾಯಣಪ್ಪನಿದ್ದ. ಅವನೂ ಇಳಿದ. ಹ್ಯಾಂಡಲ್ಲಿನಲ್ಲಿ ಹೊಸ ಬೆಲ್ಲು ಹೊಳೆಯುತ್ತಿತ್ತು. ಅದನ್ನು ಬಾರಿಸುವ ಧೈರ್ಯವಾಗದೆ ಕೈಯಲ್ಲಿ ಮುಚ್ಚಿ ಹಿಡಿದಿದ್ದ.

“ನೀವು ಮೊದ್ಲು ಹೋಗಿ,” ಎಂದ.

ಗಂಡ ಯಾರೋ ದೊಡ್ಡವರಿಗೆ ದಾರಿ ಬಿಡುತ್ತಿದ್ದಾನೆಂದುಕೊಂಡು ಮುನಿಲಕ್ಷ್ಮಮ್ಮ ಸೆರಗು ಹೊದ್ದು ಪಕ್ಕಕ್ಕೆ ಸರಿದು, ಹಿಂತಿರುಗಿ ನೋಡಿದಳು. ಅಲ್ಲಿ ಯಾರೂ ಇರಲಿಲ್ಲ.