ಗುಟ್ಟು ಕಾಯುವ ಹುದ್ದೆ

ಮಾಚೇನಹಳ್ಳಿಯ ಒಂದು ಸಣ್ಣ ಕಾರ್ಖಾನೆಯಲ್ಲಿ ನಾನು ಸೆಕ್ರೆಟರಿ. ಹೆಸರು ದೊಡ್ಡದು. ಕೆಲಸ ಮಾತ್ರ ಫೋನ್ ಎತ್ತುವುದು, ಬಿಲ್ ಟೈಪ್ ಮಾಡುವುದು, ಮಾಲೀಕರಾದ ಪರಮೇಶ್ವರಪ್ಪನವರ ಕನ್ನಡಕ ಹುಡುಕಿಕೊಡುವುದು. ಅಷ್ಟರಲ್ಲೇ ಸುಖವಾಗಿದ್ದೆ. ಕಳೆದ ವರ್ಷ ಶಿವಮೊಗ್ಗದ ಹೋಟೆಲೊಂದರಲ್ಲಿ ಆಫೀಸ್ ಸಿಬ್ಬಂದಿಗೆಂದು ತರಬೇತಿ ಇಟ್ಟಿದ್ದರು. ನನ್ನ ಗ್ರಹಚಾರ ಶುರುವಾದದ್ದು ಅಲ್ಲಿಂದ.

ಪಾಠ ಹೇಳಲು ಬಂದವರು ಒಬ್ಬೊಬ್ಬರನ್ನೇ ಎಬ್ಬಿಸಿ, ಹುದ್ದೆ ಕೇಳಿ, ಆ ಪದದ ಮೂಲ ಬಿಡಿಸಿ ಹೇಳಿದರು. ಮ್ಯಾನೇಜರ್ ಎಂಬ ಪದ ಕುದುರೆ ಪಳಗಿಸುವ ಕೆಲಸದಿಂದ ಬಂದದ್ದಂತೆ. ಕ್ಲರ್ಕ್ ಅಂದರೆ ಒಂದು ಕಾಲದಲ್ಲಿ ಚರ್ಚಿನ ಪಾದ್ರಿಯಂತೆ. ನನ್ನ ಸರದಿ ಬಂದಾಗ, ಸೆಕ್ರೆಟರಿ ಎಂಬ ಪದದ ಹೊಟ್ಟೆಯಲ್ಲೇ ಸೀಕ್ರೆಟ್ ಇದೆ, ಹಿಂದೆ ರಾಜರು ತಮ್ಮ ಗುಟ್ಟುಗಳನ್ನೆಲ್ಲ ನಂಬಿ ಒಪ್ಪಿಸುತ್ತಿದ್ದದ್ದು ಇವರಿಗೇ ಎಂದರು. ಎಲ್ಲರೂ ತಿರುಗಿ ನನ್ನನ್ನು ನೋಡಿದರು. ಪಕ್ಕದಲ್ಲಿದ್ದ ಕ್ಲರ್ಕ್ ಗೌರವದಿಂದ ಸ್ವಲ್ಪ ಸರಿದು ಕೂತಂತೆಯೂ ನನಗೆ ಅನಿಸಿತು.

ಜನ್ನಾಪುರದ ಮನೆಗೆ ಬಂದು ಗಂಡನಿಗೆ ಇದನ್ನು ವಿವರಿಸಿದೆ. ಅವರು ಅನ್ನ ಕಲಸುತ್ತಾ, "ಗುಟ್ಟು ನಿನ್ನ ಹತ್ರಾನಾ? ನನ್ನ ಬಿ.ಪಿ. ಎಷ್ಟು ಅಂತ ಹಾಲಿನವನಿಗೂ ಗೊತ್ತು ಮಾರಾಯ್ತಿ" ಎಂದರು. ನನಗೆ ರೋಷ ಬಂತು. ಇನ್ನು ಪ್ರಾಣ ಹೋದರೂ ಬಾಯಿ ಬಿಡುವುದಿಲ್ಲ ಎಂದು ಆಗಲೇ ನಿಶ್ಚಯಿಸಿದೆ.

ದಸರಾ ಹತ್ತಿರ ಬಂದಾಗ ಮಾಲೀಕರು "ಶಶಿಕಲಾ" ಎಂದು ನನ್ನನ್ನು ಒಳಗೆ ಕರೆದು ಬಾಗಿಲು ಮುಚ್ಚಿದರು. ನಮ್ಮ ಸೂಪರ್‌ವೈಸರ್ ಸೆಲ್ವರಾಜ್ ಅವರನ್ನು ಮ್ಯಾನೇಜರ್ ಮಾಡುವುದೆಂದು ತೀರ್ಮಾನಿಸಿದ್ದರಂತೆ. ಆಯುಧಪೂಜೆಯ ದಿನ ಎಲ್ಲರೆದುರು ಶಾಲು ಹೊದಿಸಿ ಹೇಳುತ್ತೇನೆ, ಅಲ್ಲಿಯವರೆಗೆ ಯಾರಿಗೂ ಗೊತ್ತಾಗಬಾರದು ಎಂದರು. ಭದ್ರಾವತಿಯ ಸೆಲ್ವರಾಜ್ ಒಳ್ಳೆಯ ಮನುಷ್ಯ. ಕಾರ್ಖಾನೆ ನಡೆಯುತ್ತಿದ್ದದ್ದೇ ಅವರಿಂದ. ನನಗೆ ಹೇಳತೀರದ ಸಂತೋಷವಾಯಿತು. ಆದರೂ ಹೇಳಲಿಲ್ಲ.

ಕೆಲವೇ ದಿನಗಳಲ್ಲಿ ಸೆಲ್ವರಾಜ್ ನನ್ನ ಮೇಜಿನ ಹತ್ತಿರ ಬಂದು ದನಿ ತಗ್ಗಿಸಿದರು. ಇಲ್ಲಿ ಮುಂದೆ ಬರುವ ದಾರಿಯೇ ಕಾಣುತ್ತಿಲ್ಲ, ಹೊಸಪೇಟೆಯ ಕಾರ್ಖಾನೆಯೊಂದರಿಂದ ಕರೆ ಬಂದಿದೆ, ಎಲ್ಲ ಗಟ್ಟಿಯಾಗುವ ತನಕ ಸಾರ್‌ಗೆ ತಿಳಿಸಬೇಡಿ ಎಂದು ಕೇಳಿಕೊಂಡರು.

ಈಗ ನನ್ನ ಹೊಟ್ಟೆಯಲ್ಲಿ ಎರಡು ಗುಟ್ಟು. ಒಂದನ್ನು ಹೇಳಿದರೆ ಇನ್ನೊಂದರ ಅಗತ್ಯವೇ ಇರಲಿಲ್ಲ. ಆದರೆ ರಾಜರ ಕಾಲದಿಂದ ಬಂದ ಹುದ್ದೆ. ನನ್ನಿಂದ ಅದರ ಮಾನ ಹೋಗಬಾರದಲ್ಲ. ಕೊನೆಗೆ ಸೂಚನೆ ಕೊಟ್ಟರೆ ತಪ್ಪಿಲ್ಲ ಎಂದುಕೊಂಡು, ಆಯುಧಪೂಜೆ ಮುಗಿಯುವವರೆಗಾದರೂ ಇರಿ, ಈ ಸಲ ಸಿಹಿ ಬಹಳ ಚೆನ್ನಾಗಿರುತ್ತದೆ ಎಂದು ಸೆಲ್ವರಾಜ್ ಅವರಿಗೆ ಒತ್ತಿ ಹೇಳಿದೆ.

"ನಂಗೆ ಶುಗರ್ ಇದೆ ಅಕ್ಕ" ಎಂದರು ಅವರು.

ಮಾಲೀಕರ ಬಳಿ ಹೋಗಿ ಪೂಜೆಯನ್ನು ಒಂದು ವಾರ ಮುಂಚೆ ಮಾಡಬಹುದೇ ಎಂದು ಕೇಳಿದೆ. ಪಂಚಾಂಗ ಬರೆಯುವವನು ನಾನಲ್ಲ ಎಂದು ಅವರು ಮತ್ತೆ ಕನ್ನಡಕ ಹುಡುಕತೊಡಗಿದರು. ನನ್ನ ಎರಡೂ ಸೂಚನೆಗಳು ಅಲ್ಲಿಗೆ ಮುಗಿದವು.

ಪೂಜೆಯ ಹಿಂದಿನ ದಿನ ಸೆಲ್ವರಾಜ್ ರಾಜೀನಾಮೆ ತಂದರು. ಮಾಲೀಕರು ಕುರ್ಚಿಯಿಂದ ಎದ್ದು ನಿಂತು, ನಾಳೆ ನಿನ್ನನ್ನೇ ಮ್ಯಾನೇಜರ್ ಮಾಡುವವನಿದ್ದೆನಲ್ಲಪ್ಪಾ ಎಂದರು. ಅಲ್ಲಿ ಮಾತು ಕೊಟ್ಟಾಗಿದೆ, ಮಗಳ ಟಿ.ಸಿ. ತೆಗೆದಾಗಿದೆ, ಮನೆಯನ್ನೂ ನೋಡಿಯಾಗಿದೆ ಎಂದು ಸೆಲ್ವರಾಜ್ ತಡವರಿಸಿದರು. ಆಮೇಲೆ ಇಬ್ಬರೂ ಒಟ್ಟಿಗೆ ಹೇಳಿದ್ದು ಒಂದೇ ಮಾತು.

"ಶಶಿಕಲಾಗೆ ಗೊತ್ತಿತ್ತಲ್ಲ" ಎಂದರು ಮಾಲೀಕರು. "ಅಕ್ಕಂಗೆ ಗೊತ್ತಿತ್ತಲ್ಲ" ಎಂದರು ಸೆಲ್ವರಾಜ್.

ಸೆಕ್ರೆಟರಿ ಎಂದರೆ ಗುಟ್ಟು ಕಾಯುವವರು ಎಂದು ತರಬೇತಿಯಲ್ಲಿ ಹೇಳಿದ್ದನ್ನು ನಾನು ತೊದಲುತ್ತಾ ಒಪ್ಪಿಸಿದೆ.

"ಅದು ಇಂಗ್ಲಿಷಿನವರ ಮಾತಾಯ್ತು. ಕನ್ನಡದಲ್ಲಿ ಕಾರ್ಯದರ್ಶಿ ಅಂತಾರಮ್ಮ. ಕಾರ್ಯ ಕೆಡ್ತಿದೆಯಾ ಅಂತ ಸ್ವಲ್ಪ ಕಣ್ಣುಬಿಟ್ಟು ನೋಡೋದಲ್ವಾ?" ಎಂದರು ಮಾಲೀಕರು. ಬೈದಿದ್ದರೂ ಇಷ್ಟು ನೋಯುತ್ತಿರಲಿಲ್ಲ.

ಸೆಲ್ವರಾಜ್ ಬೈಯಲೂ ಇಲ್ಲ. ಹೊರಡುವಾಗ ನನ್ನ ಮೇಜಿನ ಹತ್ತಿರ ಒಂದು ಗಳಿಗೆ ನಿಂತರು. "ನಮ್ಮಮ್ಮಂಗೆ ಭದ್ರಾವತಿ ಬಿಡೋಕೆ ಇಷ್ಟಾನೇ ಇರ್ಲಿಲ್ಲ ಅಕ್ಕ. ಒಂದು ಮಾತು ಹೇಳಿದ್ರೆ ಸಾಕಾಗ್ತಿತ್ತು" ಎಂದಷ್ಟೇ ಹೇಳಿ ಹೋದರು. ಮಾರನೆಯ ದಿನ ಅವರಿಗೆಂದು ತಂದಿದ್ದ ಹಾರವನ್ನು ಲೇತ್ ಮಷಿನ್‌ಗೆ ಹಾಕಿದರು. ಸಿಹಿ ನಿಜಕ್ಕೂ ಚೆನ್ನಾಗಿತ್ತು ಎಂದು ಎಲ್ಲರೂ ಹೇಳಿದರು. ನಾನು ನನ್ನ ಪಾಲನ್ನು ಮುಟ್ಟದೆ ಮನೆಗೆ ಒಯ್ದೆ.

ಈಗ ಆಫೀಸಿನಲ್ಲಿ ಯಾರೂ ನನಗೆ ಏನನ್ನೂ ಹೇಳುವುದಿಲ್ಲ. ಹೋದ ತಿಂಗಳು ಒಂದು ದಿನ ಬೆಳಿಗ್ಗೆ ಇಸ್ತ್ರಿ ಅಂಗಿ ತೊಟ್ಟ ಒಬ್ಬರು ಬಂದು, ನೇರವಾಗಿ ಮಾಲೀಕರ ಪಕ್ಕದ ಕೋಣೆಗೆ ಹೋಗಿ ಫ್ಯಾನ್ ಹಾಕಿಕೊಂಡು ಕೂತರು. ನಾನು ಹಿಂದೆಯೇ ಓಡಿ, ಯಾರನ್ನು ನೋಡಬೇಕಿತ್ತು, ಮೊದಲೇ ಹೇಳಿ ಬಂದಿದ್ದೀರಾ ಎಂದು ಗದರಿಸಿ ಕೇಳಿದೆ.

ಅವರು ಪಾಪ, ಎದ್ದು ನಿಂತರು. "ನಾನು ಹೊಸ ಮ್ಯಾನೇಜರ್ ಮೇಡಂ. ಸೋಮವಾರಾನೇ ಸೇರ್ಕೊಂಡೆ, ಇಷ್ಟು ದಿನ ಮಷಿನ್‌ಗಳ ಹತ್ರ ಇದ್ದೆ. ಇಲ್ಲಿ ಸೆಕ್ರೆಟರಿ ಯಾರಿದ್ದಾರೆ, ಅವರನ್ನ ಕೇಳಿ. ಅವರಿಗೆ ಗೊತ್ತಿರುತ್ತೆ."