ಇಳಿಯದ ಅಳಿಯ

ಚಿಕ್ಕ ಅಳಿಯನ ವಿಮಾನದಲ್ಲಿ ಸೀಟು ಸಿಗಲಿಲ್ಲ. ಅಂದು ಕ್ಯಾಪ್ಟನ್ ಸಾಹೇಬರ ಪಾಡು ನಾಯಿಪಾಡಾಗಲು ಮೂಲ ಕಾರಣ ಇಷ್ಟೇ.

ಅವರ ಅತ್ತೆಗೆ ಇಬ್ಬರು ಹೆಣ್ಣುಮಕ್ಕಳು, ಇಬ್ಬರು ಅಳಿಯಂದಿರೂ ಪೈಲಟ್‌ಗಳೇ. ಚಿಕ್ಕವನು ಮಾತುಗಾರ, ನಗುಮೊಗದವನು, ಅತ್ತೆಯ ಕಣ್ಮಣಿ. ದೊಡ್ಡವರು, ಅಂದರೆ ನಮ್ಮ ಕ್ಯಾಪ್ಟನ್, ಬಾಗಿಲಿಗೆ ಬೀಗ ಹಾಕಿ ಎಳೆದು ನೋಡಿ, ಗೇಟಿನವರೆಗೆ ಹೋಗಿ ಮತ್ತೆ ವಾಪಸ್ ಬಂದು ಎಳೆದು ನೋಡುವ ಪೈಕಿ. "ವಿಮಾನ ಹಾರಿಸೋರಿಗೆ ಸ್ವಲ್ಪ ಗುಂಡಿಗೆ ಬೇಕು," ಎಂದು ಅತ್ತೆ ಆಗಾಗ ಗೋಡೆಗೆ ಹೇಳುವವರಂತೆ ಹೇಳುತ್ತಿದ್ದರು. ಗೋಡೆಯ ಪಕ್ಕದಲ್ಲಿ ಕ್ಯಾಪ್ಟನ್ ಕೂತಿರುತ್ತಿದ್ದರು.

ಅಂದು ಸಂಜೆ ಚಿಕ್ಕ ಮಗಳ ಹೊಸ ಮನೆಯಲ್ಲಿ ನೆಂಟರಿಗೆಲ್ಲ ಊಟ. ಚಿಕ್ಕ ಅಳಿಯನ ವಿಮಾನ ಭರ್ತಿಯಾಗಿದ್ದರಿಂದ, ಅದರ ಹಿಂದೆಯೇ ಹೊರಡುವ ದೊಡ್ಡ ಅಳಿಯನ ವಿಮಾನವನ್ನು ಅತ್ತೆ ಒಲ್ಲದ ಮನಸ್ಸಿನಿಂದ ಹತ್ತಿದರು. ಬಾಗಿಲಲ್ಲಿ ನಿಂತಿದ್ದ ಗಗನಸಖಿಗೆ, "ನಿಮ್ಮ ಕ್ಯಾಪ್ಟನ್ ನಮ್ಮ ದೊಡ್ಡ ಅಳಿಯಂದಿರು. ಸ್ವಲ್ಪ ನಿಧಾನ," ಎಂದು ಪರಿಚಯವನ್ನೂ ಮಾಡಿಕೊಟ್ಟರು.

ಹೋಗುವ ಊರಿನಲ್ಲಿ ಹವೆ ಹದಗೆಟ್ಟಿತ್ತು. ಪೂರ್ತಿ ಕೆಟ್ಟಿದ್ದರೆ ಚಿಂತೆಯಿರಲಿಲ್ಲ, ಹೊರಡುತ್ತಲೇ ಇರಲಿಲ್ಲ. ಇದು ಅತ್ತ ಒಳ್ಳೆಯದೂ ಅಲ್ಲ, ಇತ್ತ ಕೆಟ್ಟದ್ದೂ ಅಲ್ಲ. ಹರಿದ ಹಾಸಿಗೆಯಿಂದ ಕಿತ್ತುಬಂದ ಹತ್ತಿಯಂತೆ ಮೋಡದ ತುಂಡುಗಳು, ಅದರ ಕೆಳಗೆ ಮಬ್ಬು. ಸಾಲದ್ದಕ್ಕೆ, ಮೋಡದೊಳಗೂ ವಿಮಾನಕ್ಕೆ ದಾರಿ ತೋರಿಸುವ ಅಲ್ಲಿನ ಯಂತ್ರ ಕೆಟ್ಟು ಕೂತಿತ್ತು. ಕಣ್ಣಿಗೆ ರನ್‌ವೇ ಕಂಡರೆ ಇಳಿಯಬೇಕು. ಕಂಡದ್ದು ಮರೆಯಾದರೆ ಮೇಲೇರಬೇಕು. ನಿಯಮ ಅಷ್ಟೇ.

ಮುಂದೆ ಹೋಗುತ್ತಿದ್ದ ಚಿಕ್ಕ ಅಳಿಯನ ದನಿ ರೇಡಿಯೋದಲ್ಲಿ ಕೇಳಿಸಿತು. "ರನ್‌ವೇ ಕಾಣಿಸ್ತಿದೆ. ಇಳೀತೀನಿ." ಸ್ವಲ್ಪ ಹೊತ್ತಿಗೆ, "ಇಳಿದಾಯ್ತು."

ಕಂಟ್ರೋಲ್ ಟವರಿನವನು ಕಿಟಕಿಯಿಂದ ಬಗ್ಗಿ ನೋಡಿದ. ಆಮೇಲೆ ಮೆಲ್ಲಗೆ, "ಇಳಿದ್ರಾ?" ಎಂದ.

"ಇಳಿದೆ."

"ಸರಿ," ಎಂದ ಟವರಿನವನು. ಬಳಿಕ ಕ್ಯಾಪ್ಟನ್ನರಿಗೆ, "ನೀವು ಬನ್ನಿ. ರನ್‌ವೇ ಖಾಲಿಯಿದೆ. ಪೂರ್ತಿ ಖಾಲಿ," ಎಂದ.

ಷಡ್ಡಕ ಇಷ್ಟು ಬೇಗ ರನ್‌ವೇ ಬಿಟ್ಟುಕೊಟ್ಟನಲ್ಲ, ಚುರುಕು ಅಂದರೆ ಇವನದು ಎಂದು ಕ್ಯಾಪ್ಟನ್ನರಿಗೆ ಹೊಟ್ಟೆಯಲ್ಲಿ ಸಣ್ಣಗೆ ಕಿಚ್ಚು ಹತ್ತಿತು.

ಮೋಡದ ಕಿಂಡಿಯಲ್ಲಿ ಬೂದುಬಣ್ಣದ ಉದ್ದನೆಯ ಪಟ್ಟಿಯೊಂದು ಕಂಡಿತು. "ಸಿಕ್ತು ನೋಡಮ್ಮ," ಎಂದರು ಪಕ್ಕದಲ್ಲಿದ್ದ ಸಹ ಪೈಲಟ್ ಹುಡುಗಿಗೆ.

ಅವಳು ಕತ್ತು ಚಾಚಿ ನೋಡಿದಳು. "ಸರ್, ಅದರ ಮೇಲೆ ಲಾರಿ ಹೋಗ್ತಿದೆ."

ಹೆದ್ದಾರಿ. ಕ್ಯಾಪ್ಟನ್ ವಿಮಾನವನ್ನು ಮೇಲೇರಿಸಿದರು. ಸುತ್ತು ಹಾಕುತ್ತಿರುವಾಗ ಒಳಗಿನ ಫೋನಿನಲ್ಲಿ ಗಗನಸಖಿ, "ಸರ್, ನಿಮ್ಮ ಅತ್ತೆಯವರು ಹೇಳಿ ಕಳಿಸಿದ್ದಾರೆ. ಹೆದರಬೇಡಿ ಅಂತೆ," ಎಂದಳು.

ಮತ್ತೊಮ್ಮೆ ಬಂದಾಗ ರನ್‌ವೇ ಕಂಡಿತು. ಈ ಸಲ ನಿಜವಾದದ್ದೇ, ಎರಡೂ ಬದಿಗೆ ದೀಪ ಹಚ್ಚಿಕೊಂಡು. ಚಕ್ರ ಇಳಿಸಿ ಅತ್ತ ಮೂತಿ ತಿರುಗಿಸಿದರು. ಇನ್ನೇನು ಮುಟ್ಟಬೇಕು, ಮೋಡವೊಂದು ಬಂದು ಕಾವಿಗೆ ಕೂರುವ ಕೋಳಿಯಂತೆ ಅದರ ಮೇಲೆ ಕುಕ್ಕರಿಸಿತು. ರನ್‌ವೇ ಅಲ್ಲೇ ಇದೆ, ಎಲ್ಲಿಗೂ ಹೋಗಿಲ್ಲ, ಒಂದು ಉಸಿರು ತಡೆದರೆ ಸಿಕ್ಕೀತು. ಕ್ಯಾಪ್ಟನ್ನರ ಕೈ ಒಂದು ಕ್ಷಣ ಅನುಮಾನಿಸಿತು. ಬೆನ್ನ ಹಿಂದೆ ಸಾಲಾಗಿ ಕೂತ ತಲೆಗಳು ನೆನಪಾದವು. ಅವುಗಳಲ್ಲಿ ಬಿಳಿ ತುರುಬಿನದೂ ಒಂದು.

"ಬೇಡ. ಮೇಲೆ," ಎಂದರು.

ಇನ್ನು ಸುತ್ತುತ್ತಾ ಕೂರಲು ಇಂಧನ ಸಾಲದು. ಪಕ್ಕದ ಊರಿಗೆ ತಿರುಗಿಸಿದರು. ಅಲ್ಲಿ ಬಿಸಿಲು ಹಲ್ಲು ಕಿರಿಯುತ್ತಿತ್ತು.

ಕಂಪನಿಯವರು ಬಸ್ಸು ಮಾಡಿಕೊಟ್ಟರು. ವಿಮಾನವನ್ನು ಮರುದಿನ ಮಧ್ಯಾಹ್ನ ಹಾರಿಸಿದರೆ ಸಾಕಿತ್ತು. ಅತ್ತೆಯನ್ನು ಒಬ್ಬರೇ ಕಳಿಸಲಾಗದೆ ಕ್ಯಾಪ್ಟನ್ ಸಮವಸ್ತ್ರದಲ್ಲೇ ಬಸ್ಸು ಹತ್ತಿದರು. ಅದೇ ತಪ್ಪಾಯಿತು. ಬಸ್ಸಿನ ತುಂಬ ಅವರದೇ ಪ್ರಯಾಣಿಕರು.

"ನಮ್ಮ ಮುಂದೆ ಹೋದ ವಿಮಾನ ಇಳೀತಂತಲ್ಲ ಸಾರ್," ಎಂದರು ಹಿಂದಿನ ಸೀಟಿನ ನಿವೃತ್ತ ಮೇಷ್ಟ್ರು. "ನಿಮಗೆ ಕಣ್ಣಿನ ಪರೀಕ್ಷೆ ಮಾಡಿಸಿ ಎಷ್ಟು ದಿನ ಆಯ್ತು?"

ಊರು ಹತ್ತಿರವಾಗಿ ಮಬ್ಬು ದಟ್ಟವಾದಾಗ ಮೇಷ್ಟ್ರು ಮತ್ತೆ ಬಾಯಿಬಿಟ್ಟರು. "ನಮ್ಮ ಡ್ರೈವರಪ್ಪನ್ನ ನೋಡಿ. ಏನೂ ಕಾಣಿಸ್ತಿಲ್ಲ, ಆದ್ರೂ ಹೊಡೀತಾ ಇದಾನೆ."

ಕ್ಯಾಪ್ಟನ್ ಮುಂದಿನ ಸೀಟಿನ ಕಂಬಿಯನ್ನು ಗಟ್ಟಿಯಾಗಿ ಹಿಡಿದುಕೊಂಡರು.

ಅತ್ತೆ ಅವರ ಭುಜಕ್ಕೊರಗಿ ನಿದ್ದೆಹೋದ ಮೇಲೆ ಸಹ ಪೈಲಟ್ ಹುಡುಗಿಯ ಫೋನ್ ಬಂತು. "ಸರ್, ನಿಮ್ಮ ಷಡ್ಡಕರು ಇಳಿದದ್ದು ಆ ರನ್‌ವೇಲಿ ಅಲ್ಲವಂತೆ. ಊರಂಚಿನಲ್ಲಿ ಮುಚ್ಚಿಹೋಗಿರೋ ಹಳೇ ನಿಲ್ದಾಣ ಇದೆಯಲ್ಲ, ಅಲ್ಲಂತೆ."

ಕ್ಯಾಪ್ಟನ್ ದನಿ ತಗ್ಗಿಸಿದರು. "ಯಾರಿಗಾದ್ರೂ ಪೆಟ್ಟಾಯ್ತಾ?"

"ಇಲ್ಲ ಸರ್. ಪಟ್ಟಿಯ ತುದೀಲಿ ಹೇಗೋ ನಿಂತಿದೆ. ಎಲ್ಲರೂ ಕ್ಷೇಮ. ವಿಚಾರಣೆ ಮುಗಿಯೋ ತನಕ ಅವರು ವಿಮಾನ ಮುಟ್ಟೋ ಹಾಗಿಲ್ಲವಂತೆ."

ಮೊದಲು ಅಯ್ಯೋ ಪಾಪ ಅನ್ನಿಸಿತು. ಆಮೇಲೆ, ಸುಳ್ಳು ಹೇಳಬಾರದು, ನಾಲಿಗೆಯ ಮೇಲೆ ಕಲ್ಲುಸಕ್ಕರೆ ಇಟ್ಟಂತಾಯಿತು. ಉಳಿದ ದಾರಿಯುದ್ದಕ್ಕೂ ಅತ್ತೆಗೆ ಹೇಳಬೇಕಾದ ಮಾತನ್ನು ಮನಸ್ಸಿನಲ್ಲೇ ತಿದ್ದಿ ತೀಡಿದರು. ಜಂಬ ಕಾಣಬಾರದು, ಆದರೆ ವಿಷಯ ಮುಟ್ಟಬೇಕು.

ಹೊಸ ಮನೆ ತಲುಪಿದಾಗ ಊಟ ಮುಗಿದು, ನೆಂಟರೆಲ್ಲ ಹಿತ್ತಲಲ್ಲಿ ಸೇರಿದ್ದರು. ಗೋಡೆಯಾಚೆ, ಹಳೇ ನಿಲ್ದಾಣದ ಹುಲ್ಲು ಬೆಳೆದ ಬಯಲಿನಲ್ಲಿ, ಚಿಕ್ಕ ಅಳಿಯನ ವಿಮಾನ ಬಾಲ ಎತ್ತಿಕೊಂಡು ನಿಂತಿತ್ತು. ಮಕ್ಕಳು ಅದಕ್ಕೆ ಕೈಬೀಸುತ್ತಿದ್ದವು. ಮುಖ ಬಾಡಿಸಿಕೊಂಡು ಮೂಲೆಯಲ್ಲಿ ಕೂತಿದ್ದ ಚಿಕ್ಕ ಅಳಿಯ ಎದ್ದು ಬಂದು ಕ್ಯಾಪ್ಟನ್ನರ ಕೈ ಹಿಡಿದುಕೊಂಡ.

"ಭಾವ, ತಪ್ಪಾಗೋಯ್ತು. ನೀವು ಮಾಡಿದ್ದೇ ಸರಿ."

ಕ್ಯಾಪ್ಟನ್ ಅವನ ಬೆನ್ನು ತಟ್ಟಿದರು. ಗಂಟಲು ಸರಿಮಾಡಿಕೊಂಡು, "ನೋಡಿದ್ರಾ ಅತ್ತೆ," ಎಂದು ಶುರುಮಾಡಿದರು.

"ನೋಡದೆ ಏನು," ಎಂದರು ಅತ್ತೆ, ಗೋಡೆಯಾಚೆಗಿನ ವಿಮಾನದಿಂದ ಕಣ್ಣು ಕೀಳದೆ. "ಇವರು ಹಿತ್ತಲ ಬಾಗಿಲಿಗೇ ತಂದು ನಿಲ್ಲಿಸಿದ್ದಾರೆ. ಅದರಲ್ಲಿದ್ದ ನೆಂಟರೆಲ್ಲ ನಡ್ಕೊಂಡು ಬಂದು ಬಿಸಿಬಿಸಿ ಊಟ ಮಾಡಿದ್ರಂತೆ. ನಿಮ್ಮನ್ನ ನಂಬಿ ಬಂದೋಳಿಗೆ ಬಸ್ಸಿನ ಧೂಳು."

"ಅತ್ತೆ, ಅದು ತಪ್ಪು ಜಾಗ. ಅವನನ್ನ ಕೆಲಸದಿಂದ ದೂರ ಇಟ್ಟಿದ್ದಾರೆ."

"ಗೊತ್ತು, ಮಗಳು ಬಾಗಿಲಲ್ಲೇ ಹೇಳಿದ್ಲು," ಎಂದು ಅತ್ತೆ ಚಿಕ್ಕ ಅಳಿಯನ ತಲೆ ಸವರಿದರು. "ಇವರಿಗೆ ಕಂಪನಿಯವರೇ ಕರೆದು ರಜಾ ಕೊಟ್ಟಿದ್ದಾರಂತೆ. ಇಷ್ಟು ವರ್ಷದಲ್ಲಿ ನಿಮಗೆ ಯಾವತ್ತಾದ್ರೂ ಕೊಟ್ಟಿದ್ದಾರಾ?"